ಕೋವಿ ಹಿಡಿಯುವ ಮೊದಲು ಕಾಡು ಸುತ್ತಿ

ಪ್ರಶ್ನೆ: ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ್ದೇನೆ. ತರಬೇತಿ ಮುಗಿಸಿ ಈ ವರ್ಷ ಮೊದಲ ಸಲ ಬೇಟೆಯ ಪರವಾನಗಿ ಪಡೆದಿದ್ದೇನೆ. ಸ್ವಂತ ಜಮೀನಿಲ್ಲ, ಬೇಟೆಗೆಂದು ಬಿಟ್ಟ ಸಾರ್ವಜನಿಕ ಕಾಡಿಗೇ, ಅಂದರೆ ಸರ್ಕಾರಿ ಗೇಮ್ ಲ್ಯಾಂಡ್‌ಗೇ ಹೋಗಬೇಕು. ಆಗಸ್ಟ್‌ನಲ್ಲಿ ಅದರ ಅಂಚಿನ ಸೋಯಾ ಹೊಲದಲ್ಲಿ ಸಂಜೆ ಹೊತ್ತು ಜಿಂಕೆಗಳ ಹಿಂಡೇ ಇರುತ್ತಿತ್ತು. ಈಗ ಅಕ್ಟೋಬರ್‌ನಲ್ಲಿ ಒಂದೂ ಇಲ್ಲ. ಜಾಗ ಬದಲಿಸಲೇ?
– ಓದುಗರೊಬ್ಬರು, ಹ್ಯಾರಿಸ್‌ಬರ್ಗ್

ಉತ್ತರ: ಬೇಡ. ಬದಲಾಗಿರುವುದು ಮೇವು. ಸೋಯಾ ಎಲೆ ಹಳದಿಯಾಗುವ ಹೊತ್ತಿಗೆ ಓಕ್ ಕಾಯಿ ಉದುರಲು ಶುರುವಾಗುತ್ತದೆ, ಜಿಂಕೆ ಹೊಲ ಬಿಟ್ಟು ಒಳಗೆ ಸರಿಯುತ್ತದೆ. ಮೊದಲು ಬಿಳಿ ಓಕ್ ಹುಡುಕಿ. ಅದರ ಎಲೆಯ ಸೀಳುಗಳ ತುದಿ ದುಂಡಗಿರುತ್ತದೆ, ಕೆಂಪು ಓಕ್‌ನದು ಚೂಪು. ಬಿಳಿ ಓಕ್ ಕಾಯಿಗೆ ಒಗರು ಕಡಿಮೆ, ಆದ್ದರಿಂದ ಜಿಂಕೆಗೆ ಅದೇ ಇಷ್ಟ. ಮರದಡಿ ಕುಳಿತು ತರಗೆಲೆ ಸರಿಸಿ ನೋಡಿ: ಜಗಿದ ಸಿಪ್ಪೆ, ತೇವವಿರುವ ಹೊಳಪಿನ ಹಿಕ್ಕೆ ಸಿಕ್ಕರೆ ಜಿಂಕೆ ಈಚೆಗೇ ಬಂದುಹೋಗಿದೆ. ಹಿಕ್ಕೆ ಒಣಗಿ ಮಂಕಾಗಿದ್ದರೆ ಮುಂದಿನ ಮರಕ್ಕೆ ನಡೆಯಿರಿ.

ಗಂಡು ಜಿಂಕೆ ಕೊಂಬು ಉಜ್ಜಿದ ಎಳೆಮರವೂ ಕಾಣುತ್ತದೆ. ತೊಗಟೆ ಕಿತ್ತ ಜಾಗ ಇನ್ನೂ ಹಸಿಯಾಗಿದ್ದರೆ ಗುರುತು ಹೊಸದು. ಬಾಗಿದ ಕೊಂಬೆಯಡಿ ಗೊರಸಿನಿಂದ ನೆಲ ಕೆರೆದ ಗುರುತು ಸಿಕ್ಕಾಗ ಅಲ್ಲೇ ಮರಸು ಕೂರುವ, ಅಂದರೆ ಅಡಗಿ ಕಾಯುವ ಆಸೆಯಾಗುವುದು ಸಹಜ. ಕೂರಬೇಡಿ, ಅಲ್ಲಿಗೆ ಅವು ಹೆಚ್ಚಾಗಿ ಬರುವುದು ರಾತ್ರಿಯಲ್ಲಿ. ಅಲ್ಲಿಂದ ಜಾಡು ಹಿಡಿದು, ಅವು ಹಗಲು ಮಲಗುವ ದಟ್ಟ ಪೊದೆಯತ್ತ ಸ್ವಲ್ಪ ದೂರ ಹೋಗಿ. ಎರಡು ಗುಡ್ಡಗಳ ನಡುವಿನ ತಗ್ಗು ಕಂಡಿ ಸಿಕ್ಕರೆ ನನ್ನ ಆಯ್ಕೆ ಅದೇ. ಪೊದೆಯೊಳಗೆ ಮಾತ್ರ ನುಗ್ಗಬೇಡಿ.

ಇನ್ನು ಗಾಳಿ. ಬೆಟ್ಟದ ಇಳಿಜಾರಿನಲ್ಲಿ ಬಿಸಿಲೇರಿದಂತೆ ಗಾಳಿ ಮೇಲಕ್ಕೆ ಹೋಗುತ್ತದೆ, ಸಂಜೆ ತಂಪಾದಂತೆ ಕೆಳಗಿಳಿಯುತ್ತದೆ. ಬೆಳಗ್ಗೆ ಜಾಡಿನ ಮೇಲ್ಬದಿಯಲ್ಲಿ, ಸಂಜೆ ಕೆಳಬದಿಯಲ್ಲಿ ಕುಳಿತರೆ ನಿಮ್ಮ ವಾಸನೆ ಜಿಂಕೆಗೆ ತಲುಪದು.

ಸಾರ್ವಜನಿಕ ಕಾಡಿನಲ್ಲಿ ಮನುಷ್ಯರ ಜಾಡನ್ನೂ ನೋಡಲೇಬೇಕು. ವಾಹನ ನಿಲ್ಲಿಸುವ ಜಾಗ, ಅಲ್ಲಿಂದ ಹೊರಟ ಕಾಲುದಾರಿ, ಮರಕ್ಕೆ ಕಟ್ಟಿದ ಬಣ್ಣದ ಪಟ್ಟಿ, ಎಲ್ಲವನ್ನೂ ನಕ್ಷೆಯಲ್ಲಿ ಗುರುತಿಸಿ. ನವೆಂಬರ್ ನಾಲ್ಕನೇ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಶನಿವಾರ ರೈಫಲ್ ಬೇಟೆ ಶುರುವಾದೊಡನೆ ಜನ ಅಲ್ಲೆಲ್ಲ ತುಂಬುತ್ತಾರೆ, ಜಿಂಕೆಗಳು ಅವರಿಲ್ಲದ ಕಡಿದಾದ, ಮುಳ್ಳುಪೊದೆಯ ಮೂಲೆಗಳಿಗೆ ಸರಿಯುತ್ತವೆ. ಅಂಥ ಮೂಲೆಯನ್ನು ಈಗಲೇ ಗೊತ್ತು ಮಾಡಿಕೊಳ್ಳಿ. ಸತ್ತ ಜಿಂಕೆಯನ್ನು ಅಲ್ಲಿಂದ ಎಳೆದು ತರಬಲ್ಲಿರಾ ಎಂಬುದನ್ನೂ ಯೋಚಿಸಿ, ಮಾಂಸ ಕೆಡಿಸುವ ಹಕ್ಕು ನಮಗಿಲ್ಲ.

ಸ್ವಂತ ಜಮೀನಿಲ್ಲ ಎಂದು ಕುಗ್ಗಬೇಡಿ. 1920ರಿಂದ ಹೆಚ್ಚಾಗಿ ಬೇಟೆಗಾರರ ಪರವಾನಗಿ ಹಣದಿಂದಲೇ ಕೊಂಡು ಕೂಡಿಸಿದ ಸುಮಾರು 15 ಲಕ್ಷ ಎಕರೆ ಈ ರಾಜ್ಯದ ಗೇಮ್ ಲ್ಯಾಂಡ್. ಈಗ ನಿಮ್ಮ ಹಣವೂ ಅದರಲ್ಲಿ ಸೇರಿದೆ. ಮರಕ್ಕೆ ಮೊಳೆ ಹೊಡೆಯುವುದು, ಜೋಳ ಸುರಿದು ಜಿಂಕೆ ಕರೆಯುವುದು ಅಲ್ಲಿ ಕಾನೂನುಬಾಹಿರ, ನನ್ನ ಪ್ರಕಾರ ಅನ್ಯಾಯ ಕೂಡ.

ಈಗ ಬಿಲ್ಲುಬೇಟೆಯ ಕಾಲ, ಬೇರೆಯವರು ಕೂತಿರುತ್ತಾರೆ. ಕಿತ್ತಳೆ ಅಂಗಿ ತೊಟ್ಟು ನಡುಹಗಲಿನಲ್ಲಿ ಸುತ್ತಿ. ಜಾಗ ಖಚಿತವಾದ ಮೇಲೆ ಮತ್ತೆ ಮತ್ತೆ ಹೋಗಿ ಮೆಟ್ಟಾಡಬೇಡಿ. ಮನೆಗೆ ಬಂದೊಡನೆ ಮೊಣಕಾಲಿನ ಹಿಂಬದಿ, ಕಂಕುಳು, ಸೊಂಟದಲ್ಲಿ ಉಣುಗು ಅಂಟಿದೆಯೇ ನೋಡಿಕೊಳ್ಳಿ. ಮಲೆನಾಡಿನ ಉಣುಗು ಮಂಗನ ಕಾಯಿಲೆ ತರುವಂತೆ ಇಲ್ಲಿನದು ಲೈಮ್ ಕಾಯಿಲೆ ತರುತ್ತದೆ.