ಆನ್‌ಲೈನ್ ಮನವಿಗಳಿಗೆ ಸರ್ಕಾರಗಳು ಕಿವಿಗೊಡುತ್ತವೆಯೇ?

ಆನ್‌ಲೈನ್ ಮನವಿಗೆ ಸಹಿ ಹಾಕುವುದರಿಂದ ಸರ್ಕಾರದ ನೀತಿ ನಿಜಕ್ಕೂ ಬದಲಾಗುತ್ತದೆಯೇ ಎಂದು ಕೇಳಿದ್ದೀರಿ. ಬದಲಾಗುವುದುಂಟು, ಆದರೆ ಎಷ್ಟು ಜನ ಸಹಿ ಹಾಕಿದರು ಎಂಬುದಕ್ಕಿಂತ, ಏನನ್ನು ಕೇಳಿದರು, ಯಾರನ್ನು ಕೇಳಿದರು ಎಂಬುದೇ ಮುಖ್ಯವೆಂದು ನನಗೆ ತೋರುತ್ತದೆ.

ಬ್ರಿಟನ್ ಸಂಸತ್ತಿನ ಜಾಲತಾಣದಲ್ಲಿ 10,000 ಸಹಿ ಪಡೆದ ಮನವಿಗೆ ಸರ್ಕಾರ ಉತ್ತರಿಸುತ್ತದೆ. ಒಂದು ಲಕ್ಷ ಮುಟ್ಟಿದರೆ ಅದನ್ನು ಚರ್ಚೆಗೆ ಪರಿಗಣಿಸಲಾಗುತ್ತದೆ. ಐರೋಪ್ಯ ಒಕ್ಕೂಟದಲ್ಲಿಯೇ ಉಳಿಯಬೇಕೆಂದು 2019ರಲ್ಲಿ ಸಲ್ಲಿಕೆಯಾದ ಮನವಿಗೆ 60 ಲಕ್ಷಕ್ಕೂ ಹೆಚ್ಚು ಸಹಿಗಳು ಬಂದವು. ಚರ್ಚೆಯೂ ನಡೆಯಿತು. ಆದರೆ ಒಕ್ಕೂಟ ಬಿಡಬೇಕೆಂಬ ಜನಮತಗಣನೆಯ ತೀರ್ಪಿಗೆ ಕಟ್ಟುಬಿದ್ದಿದ್ದ ಸರ್ಕಾರ ಜಗ್ಗಲಿಲ್ಲ, ಮರುವರ್ಷದ ಜನವರಿಯಲ್ಲಿ ದೇಶ ಒಕ್ಕೂಟದಿಂದ ಹೊರಬಂದಿತು.

ಇದರ ಪಕ್ಕದಲ್ಲಿ ಅಮೆರಿಕದ ಒಂದು ಸಣ್ಣ ಪ್ರಸಂಗವನ್ನಿಟ್ಟು ನೋಡಿ. ಒಂದೇ ಮೊಬೈಲ್ ಕಂಪನಿಯ ಜಾಲದಲ್ಲಷ್ಟೇ ಕೆಲಸ ಮಾಡುವಂತೆ ಬೀಗ ಹಾಕಿ ಮಾರಿದ ಫೋನಿನ ಬೀಗವನ್ನು, ಅದನ್ನು ಕೊಂಡವರೇ ಕಂಪನಿಯ ಅನುಮತಿಯಿಲ್ಲದೆ ತೆಗೆಸಿಕೊಳ್ಳುವುದು 2013ರ ಜನವರಿಯಿಂದ ಹಕ್ಕುಸ್ವಾಮ್ಯ ಕಾಯಿದೆಯ ಉಲ್ಲಂಘನೆಯಾಯಿತು. ಹಿಂದೆ ಇದ್ದ ವಿನಾಯಿತಿಯನ್ನು ಮುಂದುವರಿಸದೆ ಬಿಟ್ಟದ್ದೇ ಇದಕ್ಕೆ ಕಾರಣ. ಶ್ವೇತಭವನದ ಮನವಿ ತಾಣದಲ್ಲಿ 1,14,000ಕ್ಕೂ ಹೆಚ್ಚು ಜನ ಇದನ್ನು ಆಕ್ಷೇಪಿಸಿದರು. ಸರ್ಕಾರ ಅವರ ಮಾತನ್ನು ಒಪ್ಪಿತು. 2014ರ ಆಗಸ್ಟ್‌ನಲ್ಲಿ ವಿನಾಯಿತಿಯನ್ನು ಮರಳಿಸುವ ಕಾಯಿದೆಗೆ ಅಧ್ಯಕ್ಷರ ಅಂಕಿತ ಬಿತ್ತು. ಬೇಡಿಕೆ ಒಂದೇ ವಾಕ್ಯದ್ದಾಗಿತ್ತು, ಯಾವ ನಿಯಮ ತಿದ್ದಬೇಕೆಂಬುದು ಸ್ಪಷ್ಟವಿತ್ತು, ಅದನ್ನು ಒಪ್ಪಿದರೆ ಯಾವ ಪಕ್ಷಕ್ಕೂ ಮುಖಭಂಗವಿರಲಿಲ್ಲ. (ಅದೇ ತಾಣದಲ್ಲಿ, ಸಿನಿಮಾದಲ್ಲಿ ಬರುವ ಗ್ರಹನಾಶಕ ನೌಕೆಯನ್ನು ಸರ್ಕಾರವೇ ಕಟ್ಟಲಿ ಎಂದು ಕೇಳಿದವರಿಗೂ ತಮಾಷೆಯ ಧಾಟಿಯಲ್ಲಿ ಉತ್ತರ ಸಿಕ್ಕಿತ್ತು!)

ಫಿನ್‌ಲ್ಯಾಂಡಿನ ವ್ಯವಸ್ಥೆ ನನಗೆ ಇನ್ನೂ ಮೆಚ್ಚುಗೆಯಾದದ್ದು. ಅಲ್ಲಿ ಆರು ತಿಂಗಳಲ್ಲಿ 50,000 ಸಹಿ ಸೇರಿಸಿದರೆ ಪ್ರಸ್ತಾವವು ಸಂಸತ್ತಿನ ಮುಂದೆ ಹೋಗುತ್ತದೆ. ಸಲಿಂಗ ವಿವಾಹದ ಕಾಯಿದೆ ಹುಟ್ಟಿದ್ದು ಹೀಗೆಯೇ. ಆದರೆ 2014ರಲ್ಲಿ ಅದಕ್ಕೆ ಸಿಕ್ಕ ಬೆಂಬಲ 105 ಮತ, ವಿರೋಧ 92. ಅಂದರೆ ಸಹಿಗಳು ಬಾಗಿಲು ತೆರೆಸಿದ ಮೇಲೂ ಒಬ್ಬೊಬ್ಬ ಸದಸ್ಯರ ಮನವೊಲಿಸುವ ಕೆಲಸ ಬಾಕಿಯೇ ಇತ್ತು.

ನಾನೂ ಹಿಂದೆ ಕಣ್ಣಿಗೆ ಬಿದ್ದ ಮನವಿಗೆಲ್ಲ ಸಹಿ ಹಾಕುತ್ತಿದ್ದೆ. ಅವುಗಳಲ್ಲಿ ಬಹಳಷ್ಟು ‘ಸಂಬಂಧಪಟ್ಟವರು ಕೂಡಲೇ ಕ್ರಮ ಕೈಗೊಳ್ಳಬೇಕು’ ಎಂದು ಮುಗಿಯುತ್ತಿದ್ದವು. ಆ ಸಂಬಂಧಪಟ್ಟವರು ಯಾರೆಂದು ಬರೆದವರಿಗೂ ಗೊತ್ತಿರುತ್ತಿರಲಿಲ್ಲ. ಈಗ ಮೊದಲು ನೋಡುವುದು ಆ ಸಾಲನ್ನೇ. ಅಲ್ಲಿ ಅಧಿಕಾರವಿರುವ ಸಂಸ್ಥೆಯ ಹೆಸರು, ತಿದ್ದಬೇಕಾದ ನಿಯಮ, ನಿರ್ಧಾರವಾಗುವ ದಿನಾಂಕ ಇದ್ದರೆ ಸಹಿ ಹಾಕುತ್ತೇನೆ, ಜೊತೆಗೆ ನನ್ನ ಪ್ರತಿನಿಧಿಗೆ ನನ್ನದೇ ಮಾತಿನಲ್ಲಿ ಒಂದು ಪತ್ರವನ್ನೂ ಬರೆಯುತ್ತೇನೆ.