ಗೆದ್ದರೆ ಇಷ್ಟು ಪರ್ಸೆಂಟ್ ಅನ್ನುವ ವಕೀಲರು

ಈ ತಿಂಗಳೂ ಅದೇ ಪ್ರಶ್ನೆ. ಹೆಸರು ಬೇರೆ, ಕಂಪನಿ ಬೇರೆ, ಅಷ್ಟೇ.

ಬೆಂಗಳೂರಿನ ಐಟಿ ಕಂಪನಿಯಲ್ಲಿ ಆರು ವರ್ಷ ಇದ್ದೆ. ಎಚ್‌ಆರ್ ಕೂರಿಸಿಕೊಂಡು ರಾಜೀನಾಮೆ ಬರೆಸಿಕೊಂಡರು. ರೀಲ್ಸ್‌ನಲ್ಲಿ ನೋಡಿದ ವಕೀಲರೊಬ್ಬರು ‘ಗೆಲುವು ಗ್ಯಾರಂಟಿ, ಬಂದ ಹಣದಲ್ಲಿ ಶೇ 30 ಕೊಡಿ’ ಎನ್ನುತ್ತಾರೆ. ಒಪ್ಪಲೇ?

ಬೇಡ. ಗೆದ್ದ ಹಣದಲ್ಲಿ ಪಾಲು ಕೇಳುವುದನ್ನು ವಕೀಲರ ಪರಿಷತ್ತಿನ ನಿಯಮ ಒಪ್ಪುವುದಿಲ್ಲ. ಜಾಹೀರಾತು ಕೊಡುವುದನ್ನೂ ಒಪ್ಪುವುದಿಲ್ಲ. ಎರಡನ್ನೂ ಮುರಿದವರು ನಿಮ್ಮ ಕೇಸನ್ನು ನೆಟ್ಟಗೆ ನಡೆಸುತ್ತಾರಾ?

ಮನೆ ಜಾಗದ ವ್ಯಾಜ್ಯ ನೋಡಿದ ಊರಿನ ವಕೀಲರನ್ನೂ ಇದಕ್ಕೆ ಎಳೆಯಬೇಡಿ. ಕಾರ್ಮಿಕ ನ್ಯಾಯಾಲಯದ ಬೆಂಚಿನ ಮೇಲೆ ಒಂದು ಬೆಳಿಗ್ಗೆ ಸುಮ್ನೆ ಕೂತು, ಕೆಲಸಗಾರರ ಪರ ಯಾರು ಮಾತಾಡುತ್ತಾರೆ ಅಂತ ನೋಡಿ. ಯೂನಿಯನ್ನಿನವರನ್ನು ಕೇಳಿದರೂ ಹೆಸರು ಸಿಗುತ್ತದೆ. ಆ ವಕೀಲರು ಇದೇ ಕಂಪನಿಯ ಕೆಲಸವನ್ನೂ ಮಾಡುತ್ತಾರಾ ಎಂದು ಮೊದಲೇ ಕೇಳಿ.

ಆಮೇಲೆ ಒಂದು ಪರೀಕ್ಷೆ. ‘ಕಾನೂನಿನ ಪ್ರಕಾರ ನಾನು ಕಾರ್ಮಿಕನೇ?’ ಅನ್ನಿ. ‘ದಿನವಿಡೀ ಏನು ಕೆಲಸ ಮಾಡುತ್ತಿದ್ದಿರಿ?’ ಎಂದು ತಿರುಗಿ ಕೇಳದೆ ಉತ್ತರ ಕೊಟ್ಟರೆ ಎದ್ದು ಬನ್ನಿ. ಕಾರ್ಡಿನಲ್ಲಿ ‘ಲೀಡ್’ ಅಂತಿದ್ದರೂ ಕೂತು ಕೋಡ್ ಬರೆಯುವವರು ಕಾರ್ಮಿಕರಾಗಬಹುದು. ಸಂಬಳ ಜಾಸ್ತಿ ಅನ್ನುವುದೊಂದೇ ಕಾರಣಕ್ಕೆ ಕಾರ್ಮಿಕ ಕಾನೂನಿನ ರಕ್ಷಣೆಯಿಂದ ಹೊರಗೆ ಬೀಳುವುದಿಲ್ಲ. ಕೆಲಸ ಹೋದದ್ದನ್ನು ಪ್ರಶ್ನಿಸಲು ಇರುವ ಗಡುವನ್ನೂ ಕೇಳಿ. ಮುಂಚೆ ಮೂರು ವರ್ಷವಿತ್ತು. 2025ರ ನವೆಂಬರ್ 21ಕ್ಕೆ ಜಾರಿಯಾದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಎರಡೇ. ಇನ್ನೂ ಮೂರು ಅನ್ನುವವರು ಹೊಸ ಕಾನೂನು ಬಿಡಿಸಿಯೇ ನೋಡಿಲ್ಲ.

ಫೀಸು ಯಾವ ಹಂತಕ್ಕೆ ಎಷ್ಟು ಅಂತ ಬರೆಸಿಕೊಳ್ಳಿ. ರಸೀದಿ ಬಿಡಬೇಡಿ.

ಬಲವಂತದ ರಾಜೀನಾಮೆ ಎಂದು ತೋರಿಸುವ ಹೊರೆ ನಿಮ್ಮದೇ. ಆ ದಿನವೇ ‘ಇದು ನನ್ನ ಇಷ್ಟದಿಂದ ಕೊಟ್ಟದ್ದಲ್ಲ’ ಎಂದು ಒಂದು ಮೇಲ್ ಹಾಕಿದ್ದರೆ ನನ್ನಂಥವರ ಅರ್ಧ ಕೆಲಸ ಮುಗಿದಿರುತ್ತಿತ್ತು. ಯಾರೂ ಹಾಕುವುದಿಲ್ಲ! ಇವತ್ತಾದರೂ ಹಾಕಿ. ಆಫರ್ ಲೆಟರ್, ಸಂಬಳದ ಚೀಟಿ, ಎಚ್‌ಆರ್ ಜೊತೆಗಿನ ಚಾಟ್ ಎತ್ತಿಟ್ಟುಕೊಳ್ಳಿ. ಕ್ಲೈಂಟಿನ ಫೈಲು ಮಾತ್ರ ಮುಟ್ಟಬೇಡಿ. ಕದ್ದಿರಿ ಅಂತ ನಿಮ್ಮ ಮೇಲೆಯೇ ತಿರುಗಿಸುತ್ತಾರೆ.

ಗಾರ್ಮೆಂಟ್ಸ್‌ನಲ್ಲಿದ್ದೆ, ವಕೀಲರಿಗೆ ಕೊಡಲು ದುಡ್ಡಿಲ್ಲ.

15100ಕ್ಕೆ ಫೋನ್ ಮಾಡಿ, ತಾಯಿ. ಹೆಂಗಸರಿಗೂ ಕಾರ್ಖಾನೆ ಕಾರ್ಮಿಕರಿಗೂ ಕಾನೂನು ನೆರವು ಉಚಿತ, ಆದಾಯ ಕೇಳುವುದಿಲ್ಲ.

ಫೀಸು ಬಾಕಿ ಅಂತ ವಕೀಲರು ಫೈಲು ಕೊಡುತ್ತಿಲ್ಲ.

ಹಾಗೆ ಹಿಡಿದಿಟ್ಟುಕೊಳ್ಳುವ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಬರವಣಿಗೆಯಲ್ಲಿ ಕೇಳಿ.

ಲೀಗಲ್ ನೋಟಿಸನ್ನು ಎಐ ಹತ್ತಿರ ಬರೆಸಿ ನಾನೇ ಕಳಿಸಬಹುದಾ?

ಕಳಿಸಿ. ಅದನ್ನು ರಿಪೇರಿ ಮಾಡಲು ಮಾತ್ರ ನನ್ನ ಹತ್ತಿರ ಬರಬೇಡಿ.