ಅಳಿಲಿನ ಮಾಂಸ: ಎಳೆಯದೋ ಬಲಿತದ್ದೋ ಮೊದಲು ನೋಡಿ

ಅಮೆರಿಕದ ಮಿಸ್ಸೌರಿಗೆ ಹೊಸದಾಗಿ ಬಂದಿದ್ದೀರಿ, ಪಕ್ಕದ ಮನೆಯವರು ಬೇಟೆಯಾಡಿ ಚರ್ಮ ಸುಲಿದ ನಾಲ್ಕು ಅಳಿಲು ಕೊಟ್ಟಿದ್ದಾರೆ, ಕೋಳಿ ಸಾರಿನ ಹಾಗೇ ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದು, ಆದರೆ ಕೋಳಿ ಬೇಯುವ ಹೊತ್ತಿಗೆ ಇದು ಬೇಯಲ್ಲ. ಇಲ್ಲಿನದು ನಮ್ಮೂರಿನ ಮೂರು ಗೆರೆಯ ಪುಟ್ಟ ಅಳಿಲಲ್ಲ. ಬೂದು ಅಳಿಲು ಸುಮಾರು ಅರ್ಧ ಕಿಲೋ ತೂಗುತ್ತದೆ, ಮೈತುಂಬ ಸ್ನಾಯು, ಕೊಬ್ಬು ಇಲ್ಲವೇ ಇಲ್ಲ ಅನ್ನಬೇಕು.

ಮೊದಲು ತಣ್ಣೀರಲ್ಲಿ ತೊಳೆದು ಬೆಳಕಿಗೆ ಹಿಡಿದು ನೋಡಿ. ಮಾಂಸದಲ್ಲಿ ಎಲ್ಲಿ ಕಪ್ಪಗೆ ರಕ್ತ ಹೆಪ್ಪುಗಟ್ಟಿದೆಯೋ ಅಲ್ಲಿ ಚಾಕುವಿನ ತುದಿಯಿಂದ ಕೆದಕಿ. ಸಾಸಿವೆಗಿಂತ ತುಸು ದಪ್ಪದ ಚರೆ, ಅಂದರೆ ಬಂದೂಕಿನ ಸಣ್ಣ ಗುಂಡು, ಸಿಗುತ್ತದೆ, ಅದರ ಜೊತೆ ಒಳಗೆ ಎಳೆದುಕೊಂಡು ಹೋದ ಕೂದಲಿನ ಎಳೆಯೂ ಇರುತ್ತದೆ. ಎರಡನ್ನೂ ತೆಗೆಯಲೇಬೇಕು, ಚರೆ ಸೀಸದ್ದಾಗಿರಬಹುದು, ಹಲ್ಲಿಗೂ ಅಪಾಯ. ಮುಂಗಾಲಿನ ಕಂಕುಳಲ್ಲಿ ಸಣ್ಣ ಕಾಳಿನಂಥ ಗ್ರಂಥಿಗಳಿದ್ದರೆ ಕಿತ್ತುಹಾಕಿ, ಇಲ್ಲದಿದ್ದರೆ ವಾಸನೆ ಬರುತ್ತದೆ. ತಲೆ ಬೇಡ. ಕೆಂಟಕಿಯ ಹಳಬರು ಮೆದುಳನ್ನೂ ತಿನ್ನುತ್ತಿದ್ದರು. 1997ರಲ್ಲಿ ಅಲ್ಲಿನ ವೈದ್ಯರು ಅದಕ್ಕೂ ಒಂದು ಮಾರಕ ಮಿದುಳು ರೋಗಕ್ಕೂ ನಂಟಿರಬಹುದೆಂದು ಶಂಕಿಸಿದರು. ಸಾಬೀತಾಗಿಲ್ಲ, ಆದರೂ ನಾನು ಮುಟ್ಟಲ್ಲ.

ಮಾಂಸ ತಿಳಿಗುಲಾಬಿ, ಮೂಳೆ ತೆಳು ಇದ್ದರೆ ಎಳೆಯದು. ಕಾಲು ನಾಲ್ಕು, ಬೆನ್ನು ಒಂದು ಅಂತ ಕತ್ತರಿಸಿ, ಉಪ್ಪು ಹಾಕಿದ ಮಜ್ಜಿಗೆಯಲ್ಲಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಮೈದಾ, ಮೆಣಸಿನಪುಡಿಯಲ್ಲಿ ಹೊರಳಿಸಿ ಕೆಂಪಗೆ ಹುರಿದು, ಚೂರು ನೀರು ಚಿಮುಕಿಸಿ, ಮುಚ್ಚಳ ಹಾಕಿ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಬಿಡಿ.

ಕಡುಗೆಂಪಗಿದ್ದು ಗಟ್ಟಿಯಾಗಿದ್ದರೆ ಬಲಿತದ್ದು. ಅದನ್ನು ಹುರಿಯಲು ಹೋಗಬೇಡಿ. ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ, ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ, ಕುಟ್ಟಿದ ಕಾಳುಮೆಣಸು ಹಾಕಿ ಬಾಡಿಸಿ, ಮಾಂಸ ಮುಳುಗುವಷ್ಟು ನೀರು ಹೊಯ್ದು ಎರಡು ಗಂಟೆ ಕುದಿಸಿ. ತೊಡೆಯ ಮಾಂಸ ಬೆರಳು ತಾಗಿದರೆ ಮೂಳೆ ಬಿಡಬೇಕು. ಪಕ್ಕೆಲುಬು ಸೂಜಿಯ ಹಾಗಿರುತ್ತವೆ, ಮಕ್ಕಳಿಗೆ ಬಡಿಸುವಾಗ ನೀವೇ ಬಿಡಿಸಿ ಕೊಡಿ. ಅಕ್ಕಿ ರೊಟ್ಟಿಗೆ ಈ ಗೊಜ್ಜು ಬಹಳ ಚೆನ್ನಾಗಿ ಹೊಂದುತ್ತದೆ.

ಧನಿಯ, ಗಸಗಸೆ, ಕೊಬ್ಬರಿ ರುಬ್ಬಿ ಹಾಕಬೇಡಿ ಅಂತ ಕೇಳಿಕೊಳ್ಳುತ್ತೇನೆ. ನಾನು ಹಾಕಿ ನೋಡಿದ್ದೇನೆ, ಯಾವ ಮಾಂಸ ತಿನ್ನುತ್ತಿದ್ದೇವೆ ಅಂತಲೇ ಗೊತ್ತಾಗಲಿಲ್ಲ. ಶರತ್ಕಾಲವಿಡೀ ಹಿಕರಿ ಕಾಯಿ, ಓಕ್ ಬೀಜ ತಿಂದ ಪ್ರಾಣಿ ಇದು. ಆ ನಸುಸಿಹಿ ರುಚಿಗೆ ಮೆಣಸು, ಬೆಳ್ಳುಳ್ಳಿ ಸಾಕು.

ನಾಲ್ಕಿರುವುದರಿಂದ ಬ್ರನ್ಸ್‌ವಿಕ್ ಸ್ಟೂ ಕೂಡ ಮಾಡಬಹುದು. 1828ರಲ್ಲಿ ಅಳಿಲಿನ ಮಾಂಸದಿಂದಲೇ ತಮ್ಮಲ್ಲಿ ಅದು ಶುರುವಾಯಿತು ಅಂತ ವರ್ಜೀನಿಯಾದ ಬ್ರನ್ಸ್‌ವಿಕ್ ಕೌಂಟಿಯವರು ಹೇಳುತ್ತಾರೆ. ಈಗ ಹೆಚ್ಚಿನವರು ಕೋಳಿ ಹಾಕುತ್ತಾರೆ. ಬೆಂದ ಮಾಂಸ ಬಿಡಿಸಿ ಟೊಮ್ಯಾಟೊ, ಮೆಕ್ಕೆಜೋಳದ ಕಾಳು, ಲೈಮಾ ಬೀನ್ಸ್ ಜೊತೆ ಕುದಿಸುವುದು. ಬೀನ್ಸ್ ಬದಲು ನಾನು ಇಂಡಿಯನ್ ಅಂಗಡಿಯ ಫ್ರೋಜನ್ ಅವರೆಕಾಳು ಹಾಕುತ್ತೇನೆ. ಹಿಂದಿನ ವರ್ಷ ನನಗೆ ಅಳಿಲು ಕೊಟ್ಟ ಅಜ್ಜ ಎರಡು ಬಟ್ಟಲು ಕುಡಿದರು.

ಮುಂದೆ ನಿಮ್ಮ ಪಕ್ಕದ ಮನೆಯವರು ಕಾಡುಮೊಲ ಕೊಟ್ಟರೆ ಕೈಗವಸು ಹಾಕಿಯೇ ಮುಟ್ಟಿ, ಟುಲರೀಮಿಯಾ ಅನ್ನುವ ಸೋಂಕು ಚರ್ಮದ ಗಾಯದಿಂದಲೂ ಹತ್ತುತ್ತದೆ. ಪಿತ್ತಜನಕಾಂಗದಲ್ಲಿ ಬಿಳಿ ಚುಕ್ಕೆ ಕಂಡರೆ ಇಡೀ ಮೊಲವನ್ನೇ ಎಸೆಯಿರಿ. ಯಾವುದೇ ಆಗಲಿ, ಒಳಗಿನ ಶಾಖ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಊರಿಗೆ ಹೋದಾಗ ಮಾತ್ರ ಈ ಆಸೆ ಬೇಡ. ಅಲ್ಲಿ ಕಾಡುಮೊಲದ ಬೇಟೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಸಾಕಿದ ಮೊಲ ಸಿಕ್ಕರೆ ಇದೇ ವಿಧಾನದಲ್ಲಿ ಒಂದು ಗಂಟೆ ಬೇಯಿಸಿದರೆ ಸಾಕು.